ನಾಲ್ಕು ಗುಂಡಿ ಒಟ್ಟಿಗೇ ಸತ್ತರೆ ಕೆಟ್ಟಿರುವುದು ಗುಂಡಿಯಲ್ಲ

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೆಲ್ಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ವಾರದಿಂದ 2, 5, 8, 0 ಒತ್ತಿದರೆ ಏನೂ ಬರುತ್ತಿಲ್ಲ, ಉಳಿದ ಗುಂಡಿಗಳು ಚೆನ್ನಾಗಿವೆ. ಬೋರ್ಡೇ ಬದಲಾಯಿಸಬೇಕು ಅಂತ ಒಬ್ಬರು ಹೇಳಿದರು. ಮನೆಯ ಟಿವಿ ರಿಮೋಟಿನಲ್ಲಿ ವಾಲ್ಯೂಮ್ ಗುಂಡಿ ಗಟ್ಟಿಯಾಗಿ ಅದುಮಿದರೆ ಮಾತ್ರ ಕೇಳುತ್ತದೆ. ಗದ್ದೆಯ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಕರೆ ಮಾಡಿ 1 ಒತ್ತಿದರೆ ಒಂದು ಸಲ ಮೋಟರ್ ಓಡುತ್ತದೆ, ಇನ್ನೊಂದು ಸಲ ಇಲ್ಲ. ಮೂರಕ್ಕೂ ಕೀಪ್ಯಾಡೇ ಕಾರಣವೇ? ನಾವೇ ಸರಿ ಮಾಡಿಕೊಳ್ಳುವುದು ಯಾವುದು, ಬಿಡಬೇಕಾದ್ದು ಯಾವುದು?

ಉತ್ತರ: ತಕ್ಕಡಿ ಮತ್ತು ರಿಮೋಟಿನದು ಕೀಪ್ಯಾಡಿನ ತೊಂದರೆಯೇ. ಮೋಟರಿನ ಕಥೆ ಬೇರೆ, ಅದಕ್ಕೆ ಕೊನೆಯಲ್ಲಿ ಬರೋಣ. ತಕ್ಕಡಿಯ ಬೋರ್ಡಿಗೆ ದುಡ್ಡು ಕೊಡುವ ಮುಂಚೆ ಒಂದು ವಿಷಯ ಗಮನಿಸಿ. 2, 5, 8, 0 ಒಂದರ ಕೆಳಗೊಂದು ನಿಂತಿರುವ ಗುಂಡಿಗಳು. ನಾಲ್ಕೂ ಒಂದೇ ವಾರದಲ್ಲಿ ತಾವೇ ತಾವಾಗಿ ಸವೆದು ಹೋಗುವುದಿಲ್ಲ. ಆ ನಾಲ್ಕಕ್ಕೂ ಸೇರಿದ, ಕರೆಂಟು ಹಾಯುವ ಒಂದು ಗೆರೆ ಎಲ್ಲೋ ಕಡಿದಿದೆ. ಆ ಗೆರೆ ಬಹುಪಾಲು ಕಡಿಯುವುದು ಬೋರ್ಡಿನಲ್ಲಲ್ಲ, ಕೀಪ್ಯಾಡಿನಿಂದ ಬೋರ್ಡಿಗೆ ಹೋಗುವ ಪ್ಲಾಸ್ಟಿಕ್ ಪಟ್ಟಿಯಲ್ಲಿ.

ಆಡು-ಹುಲಿ ಆಟದ ಮಣೆ ನೆನಪಿಸಿಕೊಳ್ಳಿ. ಅಲ್ಲಿ ಕಾಯಿ ಕೂರುವುದು ಮನೆಯೊಳಗಲ್ಲ, ಗೆರೆಗಳು ಕೂಡುವ ಕಡೆ. ಕೀಪ್ಯಾಡಿನ ಗುಂಡಿಗಳೂ ಹಾಗೆಯೇ. ಅಡ್ಡಗೆರೆ ಒಂದು ಪದರದಲ್ಲಿ, ಉದ್ದಗೆರೆ ಇನ್ನೊಂದು ಪದರದಲ್ಲಿ, ಅವು ಹಾಯುವ ಪ್ರತಿ ಕಡೆ ಒಂದು ಗುಂಡಿ. ಒತ್ತಿದಾಗ ಅಲ್ಲಿನ ಎರಡು ಗೆರೆ ಒಂದಕ್ಕೊಂದು ತಾಗುತ್ತವೆ, ಅಷ್ಟೇ. ಹೀಗೆ ಮಾಡುವುದು ತಂತಿ ಉಳಿಸಲು. ಅಂಕೆ, ಟೇರ್ (ಪಾತ್ರೆಯ ತೂಕ ಕಳೆಯುವ ಗುಂಡಿ), ಝೀರೋ, ದರ ಎಲ್ಲ ಸೇರಿ 20 ಗುಂಡಿ ಇದ್ದರೆ, ಗುಂಡಿಗೊಂದು ತಂತಿಯಂತೆ ಎಳೆದು ಎಲ್ಲಕ್ಕೂ ಸೇರಿ ಮತ್ತೊಂದು ಕೊಟ್ಟರೆ 21 ಬೇಕು. ಐದು ಅಡ್ಡ, ನಾಲ್ಕು ಉದ್ದ ಮಾಡಿದರೆ 9 ಸಾಕು. 12 ಗುಂಡಿಯ ಫೋನ್ ಕೀಪ್ಯಾಡಿಗೆ 7, 16 ಗುಂಡಿಯದಕ್ಕೆ 8.

ಬೋರ್ಡಿನ ಮೇಲಿರುವ ಎಲೆಕ್ಟ್ರಾನಿಕ್ ಚಿಪ್ಪು ಸುಮ್ಮನೆ ಕಾದು ಕೂರುವುದಿಲ್ಲ. ಒಂದೊಂದೇ ಅಡ್ಡಗೆರೆಯನ್ನು ಸೊನ್ನೆ ವೋಲ್ಟಿಗೆ ಇಳಿಸುತ್ತಾ, ಆ ಹೊತ್ತಿಗೆ ಯಾವ ಉದ್ದಗೆರೆ ತಾನೂ ಇಳಿಯಿತು ಎಂದು ನೋಡುತ್ತದೆ. ಸೆಕೆಂಡಿಗೆ ಹತ್ತಾರು ಸಲ ಈ ಸುತ್ತು ನಡೆಯುತ್ತಿರುತ್ತದೆ. ಗುಂಡಿ ಒತ್ತಿದ ಮೊದಲ ಕೆಲವು ಮಿಲಿಸೆಕೆಂಡು ಸಂಪರ್ಕ ಅದುರುತ್ತದೆ, ತಾಗಿ ಬಿಟ್ಟು ತಾಗಿ ಬಿಟ್ಟು ಆಮೇಲೆ ನಿಲ್ಲುತ್ತದೆ. ಅದಕ್ಕೆ ಚಿಪ್ಪು 5ರಿಂದ 20 ಮಿಲಿಸೆಕೆಂಡು ತಾಳಿ, ಇನ್ನೂ ಒತ್ತೇ ಇದೆಯೇ ಎಂದು ಖಾತ್ರಿ ಮಾಡಿಕೊಂಡು ಅಂಕೆ ತೋರಿಸುತ್ತದೆ. ಒಂದು ಸಲ 5 ಒತ್ತಿದರೆ 55 ಬರಲು ಶುರುವಾದರೆ, ಸಂಪರ್ಕ ಆ ತಾಳ್ಮೆಯನ್ನೂ ಮೀರಿ ಅದುರುತ್ತಿದೆ ಎಂದರ್ಥ. ಗುಂಡಿ ಸವೆಯುತ್ತಿರುವುದರ ಮೊದಲ ಗುರುತು ಅದು.

ಇಷ್ಟು ಗೊತ್ತಿದ್ದರೆ ಸ್ಕ್ರೂ ಬಿಚ್ಚದೆಯೇ ಅರ್ಧ ರೋಗ ಹಿಡಿಯಬಹುದು. ಕಾಗದದ ಮೇಲೆ ಕೀಪ್ಯಾಡಿನ ಚಿತ್ರ ಬರೆದು, ಒಂದೊಂದೇ ಗುಂಡಿ ಒತ್ತಿ, ಏನು ಬಂತು ಎಂದು ಅದರ ಮೇಲೇ ಗುರುತು ಹಾಕಿ. ಒಂದೇ ಗುಂಡಿ ಸತ್ತಿದ್ದರೆ ತೊಂದರೆ ಆ ಗುಂಡಿಯದು. ಇಡೀ ಸಾಲು ಸತ್ತಿದ್ದರೆ ಗೆರೆ, ಪಟ್ಟಿ ಅಥವಾ ಪಟ್ಟಿ ಸಿಕ್ಕಿಸುವ ಕನೆಕ್ಟರ್. 2 ಒತ್ತಿದರೆ 3, 5 ಒತ್ತಿದರೆ 6 ಬರುತ್ತಿದ್ದರೆ ಪಕ್ಕಪಕ್ಕದ ಎರಡು ಗೆರೆ ಒಂದಾಗಿವೆ, ಕನೆಕ್ಟರಿನಲ್ಲಿ ತೇವವೋ ಬೆಲ್ಲದ ಅಂಟೋ ಕೂತಿದೆ. ಎಲ್ಲವೂ ಸತ್ತಿದ್ದರೆ ಬಹಳ ಜನ ಬೋರ್ಡ್ ಹೋಯಿತು ಎಂದುಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ಆಗಿರುವುದು ಒಂದು ಗುಂಡಿ ಒಳಗೇ ಅಂಟಿ ನಿಂತಿರುವುದು. ಚಿಪ್ಪಿನ ಲೆಕ್ಕದಲ್ಲಿ ಯಾರೋ ಆ ಗುಂಡಿಯನ್ನು ಬಿಡದೆ ಒತ್ತಿ ಹಿಡಿದಿದ್ದಾರೆ, ಹಾಗಾಗಿ ಬೇರೆ ಯಾವುದನ್ನೂ ಅದು ಕೇಳಿಸಿಕೊಳ್ಳುವುದಿಲ್ಲ. ಅಂಟಿದ ಗುಂಡಿ ಇದ್ದಾಗ ಒತ್ತದೇ ಇರುವ ಅಂಕೆಗಳೂ ಬರಬಹುದು. ಚೌಕದ ಮೂರು ಮೂಲೆ ಒತ್ತಿದರೆ, ಉದಾಹರಣೆಗೆ 1, 2, 4 ಒಟ್ಟಿಗೆ, ಕರೆಂಟು ಸುತ್ತು ಬಳಸಿ ಹೋಗಿ 5 ಕೂಡ ಒತ್ತಿದಂತೆ ಕಾಣುತ್ತದೆ. ಪ್ರತಿ ಗುಂಡಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4148ನಂಥ ಚಿಕ್ಕ ಡಯೋಡ್ ಹಾಕಿದರೆ ಇದು ತಪ್ಪುತ್ತದೆ, ಆದರೆ ತಕ್ಕಡಿಯ ಕೀಪ್ಯಾಡಿಗೆ ಯಾರೂ ಆ ಖರ್ಚು ಮಾಡುವುದಿಲ್ಲ.

ಇನ್ನೆರಡು ಎಚ್ಚರ. ಗುಂಡಿ ಒತ್ತಿದಾಗ ಬೀಪ್ ಬಂದು ಅಂಕೆ ಮಾತ್ರ ಕಾಣದಿದ್ದರೆ ಕೀಪ್ಯಾಡ್ ಸರಿಯಿದೆ, ಡಿಸ್‌ಪ್ಲೇ ನೋಡಬೇಕು. ಮತ್ತೆ, ಕಣ್ಣಿಗೆ ಕಾಣುವ ಸಾಲೇ ಒಳಗಿನ ಗೆರೆಯ ಸಾಲು ಎಂದೇನಿಲ್ಲ. ಕೆಲವು ತಯಾರಕರು ಗೆರೆಗಳನ್ನು ಅಂಕುಡೊಂಕಾಗಿ ಎಳೆದಿರುತ್ತಾರೆ. ನಿಮ್ಮ ತಕ್ಕಡಿಯಲ್ಲಿ ಸತ್ತ ನಾಲ್ಕೂ ನೆಟ್ಟಗೆ ಒಂದೇ ಸಾಲಿನಲ್ಲಿ ಇರುವುದರಿಂದ ಅನುಮಾನಕ್ಕೆ ಜಾಗ ಕಡಿಮೆ.

ಆಲೆಮನೆಯಲ್ಲಿ ಇದು ಯಾಕೆ ಬೇಗ ಆಗುತ್ತದೆ ಎಂದರೆ, ತಕ್ಕಡಿಯ ಮುಖದ ಮೇಲಿರುವುದು ಮೆಂಬ್ರೇನ್ ಕೀಪ್ಯಾಡ್. ಮೇಲೆ ಅಂಕೆ ಅಚ್ಚಾದ ಹಾಳೆ, ಅದರ ಕೆಳಗೆ ಬೆಳ್ಳಿ ಮಸಿಯಲ್ಲಿ ಗೆರೆ ಅಚ್ಚಾದ ಎರಡು ಪಾಲಿಯೆಸ್ಟರ್ ಹಾಳೆ, ನಡುವೆ ಗುಂಡಿಯಿರುವ ಕಡೆಯಷ್ಟೇ ತೂತಿರುವ ಮತ್ತೊಂದು ಹಾಳೆ. ಎಲ್ಲವೂ ಅಂಟಿನಿಂದ ಕೂಡಿಕೊಂಡಿರುತ್ತವೆ. ಒತ್ತಿದಾಗ ಒಳಗಿನ ಗಾಳಿಗೆ ಸರಿಯಲು ಜಾಗ ಬೇಕಲ್ಲ, ಅದಕ್ಕೆ ನಡುವಿನ ಹಾಳೆಯಲ್ಲಿ ಸಣ್ಣ ಕಾಲುವೆ ಬಿಟ್ಟಿರುತ್ತಾರೆ. ಕೊಪ್ಪರಿಗೆಯ ಹಬೆ ಒಳಗೆ ನುಗ್ಗುವುದು ಅಲ್ಲಿಂದಲೂ ಇರಬಹುದು. ಆದರೆ ಹೆಚ್ಚಿನ ಸಲ ದಾರಿ ಮಾಡಿಕೊಡುವವರು ನಾವೇ, ಉಗುರಿನಿಂದ, ಪೆನ್ನಿನ ತುದಿಯಿಂದ, ಬೆಲ್ಲ ಕೆರೆಯುವ ಚಾಕುವಿನಿಂದ ಗುಂಡಿ ಒತ್ತಿ. ಮೇಲಿನ ಹಾಳೆಯಲ್ಲಿ ಒಂದು ಸೂಜಿ ತೂತಾದರೆ ಸಾಕು. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಿಂದೆಯೇ ಇರುವೆ ಬರುತ್ತದೆ. ತೇವ ಮತ್ತು ಕರೆಂಟು ಎರಡೂ ಇರುವ ಕಡೆ ಬೆಳ್ಳಿ ತನ್ನ ಗೆರೆ ಬಿಟ್ಟು ಕವಲೊಡೆದು ಪಕ್ಕದ ಗೆರೆಯ ಕಡೆ ಬೆಳೆಯುತ್ತದೆ. ಯಾರೂ ಮುಟ್ಟದೆ ತಾನೇ ಅಂಕೆ ಒತ್ತಿಕೊಳ್ಳುವ ತಕ್ಕಡಿಗೆ ದೆವ್ವ ಹಿಡಿದಿಲ್ಲ, ಹಿಡಿದಿರುವುದು ಇದೇ.

ಇನ್ನು ಬಿಚ್ಚುವ ಮಾತು. ಇಲ್ಲಿ ನಿಮ್ಮ ಕೈ ತಡೆಯಲೇಬೇಕು. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಸೀಲು ಒಡೆದ ತಕ್ಕಡಿಯಲ್ಲಿ, ತೂಕ ಎಷ್ಟೇ ಸರಿಯಿದ್ದರೂ, ಮತ್ತೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸುವ ತನಕ ವ್ಯಾಪಾರ ಮಾಡುವಂತಿಲ್ಲ. 2009ರ ಕಾಯ್ದೆಯ ಪ್ರಕಾರ ತೂಕದ ಉಪಕರಣ ರಿಪೇರಿ ಮಾಡುವವರಿಗೆ ಪರವಾನಗಿ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ಹೇಗೂ 12 ತಿಂಗಳಿಗೊಮ್ಮೆ ಮುದ್ರೆ ಮಾಡಿಸಬೇಕು, ಆ ದಿನ ಹತ್ತಿರವಿದ್ದರೆ ಎರಡೂ ಕೆಲಸ ಒಟ್ಟಿಗೆ ಮುಗಿಸಿಕೊಳ್ಳಿ. ಪರವಾನಗಿ ಇರುವವರ ಹತ್ತಿರ ಹೋದಾಗ ನೀವು ಗುರುತು ಹಾಕಿದ ಕಾಗದ ಕೊಟ್ಟು, “ಒಂದು ಉದ್ದಸಾಲು ಪೂರ್ತಿ ಸತ್ತಿದೆ, ಮೊದಲು ಪಟ್ಟಿ ನೋಡಿ, ಆಮೇಲೆ ಬೋರ್ಡಿನ ಮಾತು” ಎನ್ನಿ. ಅವರು ಮಾಡುವ ಪರೀಕ್ಷೆ ಹೇಗಿರಬೇಕು ಎಂದು ನಿಮಗೂ ಗೊತ್ತಿರಲಿ.

ಪವರ್ ತೆಗೆದು, ಒಳಗಿನ ಬ್ಯಾಟರಿಯ ತಂತಿಯನ್ನೂ ಬಿಡಿಸಿದ ಮೇಲೆ, ಕನೆಕ್ಟರಿನ ಬೀಗ ಎತ್ತಿ ಪಟ್ಟಿಯನ್ನು ನೆಟ್ಟಗೆ ಎಳೆಯಬೇಕು, ಓರೆಯಾಗಿ ಎಳೆದರೆ ಅಂಚಿನ ಗೆರೆ ಕಿತ್ತು ಬರುತ್ತದೆ. ಮಲ್ಟಿಮೀಟರನ್ನು 2 ಕಿಲೋಓಮ್ ರೇಂಜಿಗೆ ಇಡಬೇಕು (ಓಮ್ ಎಂದರೆ ಕರೆಂಟಿಗೆ ಇರುವ ತಡೆಯ ಅಳತೆ, ಕಿಲೋಓಮ್ ಅದರ ಸಾವಿರ ಪಟ್ಟು). ಬಹಳ ರಿಪೇರಿಯವರು ಎಡವುವುದು ಇಲ್ಲೇ. ಬೀಪ್ ಬರುವ ಕಂಟಿನ್ಯುಟಿ ರೇಂಜಿನಲ್ಲಿ ನೋಡುತ್ತಾರೆ. ಆ ಬೀಪ್ ಸಾಮಾನ್ಯವಾಗಿ 30ರಿಂದ 50 ಓಮಿನ ಒಳಗಿದ್ದರೆ ಮಾತ್ರ ಕೂಗುತ್ತದೆ. ಬೆಳ್ಳಿ ಮಸಿಯ ಗೆರೆ ಆರೋಗ್ಯವಾಗಿದ್ದಾಗಲೇ 100 ಓಮ್ ತೋರಿಸಬಹುದು. ಬೀಪ್ ಇಲ್ಲ ಅಂತ ಒಳ್ಳೆಯ ಕೀಪ್ಯಾಡನ್ನೂ ಕಸಕ್ಕೆ ಎಸೆದಂತಾಗುತ್ತದೆ. 1 ಒತ್ತಿ ಹಿಡಿದು ಪಟ್ಟಿಯ ತುದಿಯ ಯಾವ ಎರಡು ಕಾಲಿನ ನಡುವೆ ಮೀಟರಿನಲ್ಲಿ ಓದು ಬರುತ್ತದೆ ಎಂದು ಹುಡುಕಿ, ಹಾಗೆಯೇ 3ಕ್ಕೂ ಹುಡುಕಿದರೆ ಮೊದಲ ಅಡ್ಡಗೆರೆ ಯಾವುದೆಂದು ಗೊತ್ತಾಗುತ್ತದೆ, ಎರಡಕ್ಕೂ ಸಾಮಾನ್ಯವಾದ ಕಾಲು ಅದು. ಆ ಕಾಲಿಗೆ ಮೀಟರಿನ ಒಂದು ಕಡ್ಡಿ ಹಿಡಿದು 2 ಒತ್ತುತ್ತಾ ಉಳಿದ ಕಾಲುಗಳನ್ನೆಲ್ಲ ಮುಟ್ಟಿ ನೋಡಬೇಕು. ಯಾವುದರಲ್ಲೂ ಓದು ಬರದಿದ್ದರೆ ಕೀಪ್ಯಾಡಿನ ಗೆರೆಯೇ ಕಡಿದಿದೆ. ಓದು ಬಂದರೆ ಕೀಪ್ಯಾಡ್ ನಿರಪರಾಧಿ, ಆಗ ಕನೆಕ್ಟರ್, ಆಮೇಲೆ ಬೋರ್ಡು. ಒತ್ತಿದಾಗ 200 ಓಮಿನೊಳಗೆ ಇದ್ದರೆ ಚೆನ್ನ, 1 ಕಿಲೋಓಮ್ ದಾಟಿದರೆ ಅದರ ದಿನ ಮುಗಿಯುತ್ತಾ ಬಂತು. ಒತ್ತದೇ ಇದ್ದಾಗ ಏನೂ ತೋರಿಸಬಾರದು, ತೋರಿಸಿದರೆ ಒಳಗೆ ತೇವ ಸೇರಿದೆ.

ಗೆರೆ ಕಡಿಯುವುದು ಹೆಚ್ಚಾಗಿ ಪಟ್ಟಿ ಚೂಪಾಗಿ ಮಡಿಚಿರುವ ಕಡೆ ಅಥವಾ ಕನೆಕ್ಟರಿನ ಬಾಯಲ್ಲಿ. ತುದಿಯ ಮೂರು-ನಾಲ್ಕು ಮಿಲಿಮೀಟರಿನಲ್ಲೇ ಇದ್ದು, ಪಟ್ಟಿ ಉದ್ದವಾಗಿದ್ದರೆ ಆ ತುದಿ ನೇರವಾಗಿ ಕತ್ತರಿಸಿ ಮತ್ತೆ ಸಿಕ್ಕಿಸಬಹುದು. ಮಡಿಕೆಯಲ್ಲಿದ್ದರೆ ಸಿಲ್ವರ್ ಕಂಡಕ್ಟಿವ್ ಪೇಂಟನ್ನು ಕೂದಲೆಳೆಯಷ್ಟು ಹಚ್ಚಿ, ಒಂದು ದಿನ ಒಣಗಿಸಿ, ಮೇಲೆ ಟೇಪು ಹಾಕಿ, ಆ ಜಾಗ ಮತ್ತೆ ಮಡಿಯದಂತೆ ನೋಡಿಕೊಳ್ಳಬೇಕು. ಬೆಸುಗೆ ಮಾತ್ರ ಬೇಡವೇ ಬೇಡ. ಸೋಲ್ಡರಿಂಗ್ ಐರನ್ನಿನ ತುದಿ 300 ಡಿಗ್ರಿ ಮೇಲಿರುತ್ತದೆ, ಪಾಲಿಯೆಸ್ಟರ್ 260ರ ಸುಮಾರಿಗೇ ಕರಗುತ್ತದೆ. ಇದೆಲ್ಲ ನಾಳೆಯ ಸಂತೆ ಮುಗಿಸುವ ಮಟ್ಟಿನ ಉಪಾಯ. ಆಲೆಮನೆಯ ಹಬೆಯಲ್ಲಿ ದಿನವೂ ದುಡಿಯುವ ತಕ್ಕಡಿಗೆ ಹೊಸ ಕೀಪ್ಯಾಡ್ ಹಾಕಿಸುವುದೇ ಸರಿ, ಬೋರ್ಡಿನ ಮುಂದೆ ಅದರ ಬೆಲೆ ಏನೂ ಅಲ್ಲ. ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ನೋಡಲು ಒಂದೇ ಥರ ಇದ್ದರೂ ಪಟ್ಟಿಯ ಕಾಲುಗಳ ಎಣಿಕೆ, ಕಾಲಿಂದ ಕಾಲಿಗೆ ಇರುವ ಅಂತರ (1 ಮಿಲಿಮೀಟರೋ 2.54 ಮಿಲಿಮೀಟರೋ), ಪಟ್ಟಿ ಎಡದಿಂದ ಹೊರಡುತ್ತದೋ ಬಲದಿಂದಲೋ, ಇವು ಬೇರೆಯಾಗಿರುತ್ತವೆ. ಮಂಡ್ಯ, ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ.

ಹೊಸದನ್ನು ಹಾಕಿಸಿದ ಮೇಲೆ ಮುಖಕ್ಕೆ ತೆಳು ಪಾರದರ್ಶಕ ಕವರ್ ಹೊದಿಸಿ, ಅಂಟಾದಾಗ ಕವರ್ ಬದಲಾಯಿಸಿ. ಬೆಚ್ಚಗಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಬೆಲ್ಲ ಕರಗಿ ಬರುತ್ತದೆ. ನೀರು ಚಿಮುಕಿಸುವುದು, ಥಿನ್ನರ್, ಪೆಟ್ರೋಲ್ ಯಾವುದೂ ಬೇಡ.

ರಿಮೋಟು ಬೇರೆ ಜಾತಿ. ಅದರಲ್ಲಿ ರಬ್ಬರಿನ ಒಂದೇ ಹಾಸು, ಪ್ರತಿ ಗುಂಡಿಯ ತಳದಲ್ಲಿ ಕಪ್ಪು ಇಂಗಾಲದ ಬಿಲ್ಲೆ. ಕೆಳಗಿನ ಬೋರ್ಡಿನ ಮೇಲೆ ಬೆರಳು ಹೆಣೆದಂತೆ ಎರಡು ಗೆರೆ, ಬಿಲ್ಲೆ ಕೂತಾಗ ಎರಡನ್ನೂ ಕೂಡಿಸುತ್ತದೆ. ಗಟ್ಟಿಯಾಗಿ ಒತ್ತಿದರೆ ಮಾತ್ರ ಕೆಲಸ ಮಾಡುವುದಕ್ಕೆ ಲೆಕ್ಕ ಸರಳ. ಗೆರೆಯನ್ನು 10 ಕಿಲೋಓಮಿನ ತಡೆಯ ಮೂಲಕ 3 ವೋಲ್ಟಿಗೆ ಕಟ್ಟಿದ್ದಾರೆ ಎಂದುಕೊಳ್ಳಿ. ಬಿಲ್ಲೆ 1 ಕಿಲೋಓಮ್ ಇದ್ದರೆ ಒತ್ತಿದಾಗ ಗೆರೆ 0.27 ವೋಲ್ಟಿಗೆ ಬೀಳುತ್ತದೆ, ಚಿಪ್ಪಿಗೆ ಸ್ಪಷ್ಟ. ಬಿಲ್ಲೆ ಸವೆದು, ಕೊಳೆ ಕೂತು 10 ಕಿಲೋಓಮ್ ಆದರೆ ಬೀಳುವುದು 1.5 ವೋಲ್ಟಿಗೆ, ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಜೋರಾಗಿ ಅದುಮಿದಾಗ ತಾಗುವ ಜಾಗ ಹೆಚ್ಚಿ ಓಮ್ ಇಳಿಯುತ್ತದೆ. ಬೆರಳು ನೋಯುವುದು ಅದಕ್ಕೆ.

ಮೊದಲು ಸೆಲ್ಲು ನೋಡಿ, ಹೊಸದು 1.5 ವೋಲ್ಟ್ ಮೇಲಿರುತ್ತದೆ, 1.2ಕ್ಕಿಂತ ಇಳಿದಿದ್ದರೆ ಬದಲಾಯಿಸಿ. ಆಮೇಲೆ ಮೊಬೈಲಿನ ಮುಂದಿನ ಕ್ಯಾಮೆರಾಗೆ ರಿಮೋಟಿನ ಮೂತಿ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಪರದೆಯ ಮೇಲೆ ಮಿನುಗುತ್ತದೆ. (ಹಿಂದಿನ ಕ್ಯಾಮೆರಾಗಳಲ್ಲಿ ಹಲವು ಸಲ ಅದನ್ನು ತಡೆಯುವ ಫಿಲ್ಟರ್ ಇರುತ್ತದೆ, ಅದಕ್ಕೆ ಮುಂದಿನದು.) ಚಾನೆಲ್ ಗುಂಡಿಗೆ ಮಿನುಗಿ ವಾಲ್ಯೂಮಿಗೆ ಮಿನುಗದಿದ್ದರೆ ರಬ್ಬರ್ ಬಿಲ್ಲೆಯೇ ಕಾರಣ.

ಬಿಚ್ಚಲು ಸೆಲ್ಲು ಕೂರುವ ಜಾಗದೊಳಗೆ ಸ್ಕ್ರೂ ಇದೆಯೇ ನೋಡಿ, ಆಮೇಲೆ ಅಂಚಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ. ಒಳಗೆ ಎಣ್ಣೆಯಂಥ ಜಿಡ್ಡು ಕಂಡರೆ ಯಾರೋ ಚೆಲ್ಲಿದ್ದಲ್ಲ. ರಬ್ಬರೇ ವರ್ಷಗಳ ಮೇಲೆ ಸಿಲಿಕೋನ್ ಎಣ್ಣೆ ಬಿಡುತ್ತದೆ, ಜೊತೆಗೆ ಕೈಜಿಡ್ಡು. ರಬ್ಬರ್ ಹಾಸನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಎರಡು-ಮೂರು ಗಂಟೆ ಒಣಗಿಸಿ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಹಗುರವಾಗಿ ಒರೆಸಿ. ಸ್ಯಾನಿಟೈಸರ್ ಬೇಡ, ಹೆಚ್ಚಿನವುಗಳಲ್ಲಿ ಗ್ಲಿಸರಿನ್ ಇದ್ದು ಪದರ ಬಿಡುತ್ತದೆ. ಬ್ಲೇಡು, ಸ್ಯಾಂಡ್‌ಪೇಪರು ಹಿಡಿದು ಕೆರೆಯಬೇಡಿ, ಕಪ್ಪಗೆ ಕಾಣುವುದು ಕೊಳೆಯಲ್ಲ, ಅಚ್ಚು ಹಾಕಿದ ಇಂಗಾಲ.

ಹತ್ತರಲ್ಲಿ ಏಳೆಂಟು ರಿಮೋಟು ಇಷ್ಟಕ್ಕೇ ಸರಿಹೋಗುತ್ತವೆ ಎನ್ನಬಹುದು. ಆಗಲಿಲ್ಲ ಎಂದರೆ ಬಿಲ್ಲೆಯ ಮೇಲೆ ಮೀಟರಿನ ಎರಡು ಕಡ್ಡಿಯನ್ನು 2 ಮಿಲಿಮೀಟರ್ ದೂರದಲ್ಲಿ ಇಟ್ಟು ನೋಡಿ. ಕೆಲವು ನೂರು ಓಮ್ ಇದ್ದರೆ ಸರಿ, 5 ಕಿಲೋಓಮ್ ದಾಟಿದರೆ ಅದು ಸವೆದಿದೆ. ಪೆನ್ಸಿಲ್ ಸೀಸ ತಿಕ್ಕುವ ಉಪಾಯ ನಡೆಯುತ್ತದೆ, ಕೆಲವು ವಾರದ ಮಟ್ಟಿಗೆ. ಅಲ್ಯೂಮಿನಿಯಂ ಹಾಳೆ ಅಂಟಿಸುವುದನ್ನು ಎಲ್ಲರೂ ಹೇಳಿಕೊಡುತ್ತಾರೆ, ಆದರೆ ಫೆವಿಕ್ವಿಕ್ ಸಿಲಿಕೋನ್ ರಬ್ಬರಿಗೆ ಹಿಡಿಯುವುದಿಲ್ಲ, ಅಲ್ಯೂಮಿನಿಯಮ್ಮಿನ ಮೈಮೇಲೆ ಕರೆಂಟು ಹಾಯದ ಪದರವೂ ಕಟ್ಟುತ್ತದೆ. ಅಂಟಿಸುವ ಇಂಗಾಲದ ಬಿಲ್ಲೆಗಳೇ ಸಿಗುತ್ತವೆ, ಅವನ್ನು ಸಿಲಿಕೋನ್ ಅಂಟಿನಲ್ಲಿ ಕೂರಿಸಿ. ಮಾಮೂಲಿ ಟಿವಿ ರಿಮೋಟಿಗೆ ಇಷ್ಟು ಒದ್ದಾಡುವ ಬದಲು ಹೊಸದೇ ತನ್ನಿ. ಎಸಿ ರಿಮೋಟು, ಹಳೆಯ ಆಡಿಯೋ ಸೆಟ್ಟಿನ ರಿಮೋಟು ಆದರೆ ಒದ್ದಾಟಕ್ಕೆ ಬೆಲೆಯಿದೆ.

ಇಂಡಕ್ಷನ್ ಒಲೆಯ ಟಚ್ ಗುಂಡಿಗೆ ಇದ್ಯಾವುದೂ ಅನ್ವಯಿಸದು. ಅಲ್ಲಿ ತಾಗುವ ಭಾಗವೇ ಇಲ್ಲ. ಗಾಜಿನ ಕೆಳಗಿನ ಲೋಹದ ತುಣುಕು ಬೆರಳಿನ ಕೆಪ್ಯಾಸಿಟೆನ್ಸ್ (ವಿದ್ಯುದಂಶ ಹಿಡಿದಿಡುವ ಗುಣ) ಗುರುತಿಸುತ್ತದೆ. ಹಾಲು ಉಕ್ಕಿ ಚೆಲ್ಲಿದರೆ ಅದೂ ಬೆರಳಿನಂತೆಯೇ ಕಾಣುತ್ತದೆ, ಒರೆಸಿ ಒಣಗಿಸಿದರೆ ಸರಿ.

ಈಗ ಮೋಟರು. ಫೋನಿನ ಕೀಪ್ಯಾಡಿನಲ್ಲೂ ಅದೇ ಅಡ್ಡಗೆರೆ, ಉದ್ದಗೆರೆ, ಆದರೆ ತಂತಿಯ ಬದಲು ಸ್ವರ. 1963ರಲ್ಲಿ ಅಮೆರಿಕದಲ್ಲಿ ಗುಂಡಿ ಒತ್ತುವ ಫೋನು ಬಂದಾಗಿನಿಂದ ಈ ಪದ್ಧತಿ. ನಾಲ್ಕು ಅಡ್ಡಸಾಲಿಗೆ 697, 770, 852, 941 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ), ಮೂರು ಉದ್ದಸಾಲಿಗೆ 1209, 1336, 1477. ನೀವು 1 ಒತ್ತಿದರೆ 697 ಮತ್ತು 1209 ಒಟ್ಟಿಗೆ ನುಡಿಯುತ್ತವೆ. ತಕ್ಕಡಿಯಲ್ಲಿ ಸತ್ತ ನಿಮ್ಮ ಉದ್ದಸಾಲಿಗೆ ಇಲ್ಲಿ 1336. ಒಂದು ಸ್ವರ ಇನ್ನೊಂದರ ಎರಡರಷ್ಟೋ ಮೂರರಷ್ಟೋ ಆಗದಂತೆ ಆರಿಸಿದ್ದಾರೆ, ಮಾತಿನ ಸದ್ದು ಅಂಕೆಯಾಗಿ ಕೇಳಬಾರದೆಂದು. “ಕನ್ನಡಕ್ಕಾಗಿ 1 ಒತ್ತಿ” ಎನ್ನುವ ಕಡೆಯೂ ಕೆಲಸ ಮಾಡುವುದು ಇದೇ.

ಮೊಬೈಲಿನಲ್ಲಿ ಆ ಸ್ವರವನ್ನು ನಿಮ್ಮ ಫೋನು ಹಾಡಿ ಕಳಿಸುವುದಿಲ್ಲ. 1 ಒತ್ತಿದರು ಎಂಬ ಸಂದೇಶ ಮಾತ್ರ ಹೋಗಿ, ನೆಟ್‌ವರ್ಕೇ ಸ್ವರ ತಯಾರಿಸುತ್ತದೆ. ಹಾಗಾಗಿ ಕೀಪ್ಯಾಡ್ ಟೋನ್ ಆನ್ ಇದೆಯೋ ಆಫ್ ಇದೆಯೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಡುವುದು ಆ ಕಡೆಯ ತುದಿಯಲ್ಲಿ. ಗದ್ದೆಯಲ್ಲಿ ಸಿಗ್ನಲ್ ಕಡಿಮೆಯಿದ್ದರೆ ಮಾತು ತುಂಡಾಗುವಂತೆ ಸ್ವರವೂ ತುಂಡಾಗುತ್ತದೆ. ಎಂಟಿ8870ನಂಥ ಗುರುತಿಸುವ ಚಿಪ್ಪಿಗೆ ಸುಮಾರು 40 ಮಿಲಿಸೆಕೆಂಡು ಎರಡೂ ಸ್ವರ ಕಡಿಯದೆ ಕೇಳಿಸಬೇಕು. ಒಂದು ಮುಕ್ಕಾದರೂ ಅದು ಒಪ್ಪುವುದಿಲ್ಲ.

ಸ್ಟಾರ್ಟರನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸಿ ಆಂಟೆನಾವನ್ನೂ ಒಳಗೇ ಬಿಟ್ಟಿದ್ದರೆ ಕಾರಣ ಅದೇ ಎಂದು ಮೊದಲು ಶಂಕಿಸಿ. ಕಬ್ಬಿಣ ಸಿಗ್ನಲ್ಲನ್ನು ನುಂಗುತ್ತದೆ. ಆಂಟೆನಾ ಹೊರಗೆ, ಮೋಟರಿನ ತಂತಿಗಳಿಂದ ದೂರ, ಎತ್ತರದಲ್ಲಿ ಇರಬೇಕು. ಕಬ್ಬು ಆಳೆತ್ತರ ಬೆಳೆದು ಪೆಟ್ಟಿಗೆಯನ್ನು ಸುತ್ತುವರಿದ ಮೇಲೆ ತೊಂದರೆ ಶುರುವಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಹಸಿರೆಲೆಯ ನೀರು ಸಿಗ್ನಲ್ ಕುಗ್ಗಿಸುತ್ತದೆ. ಸಿಮ್ ಬದಲಾಯಿಸುವ ಯೋಚನೆ ಇದ್ದರೆ ಸ್ಟಾರ್ಟರ್ 2ಜಿಯದೋ 4ಜಿಯದೋ ನೋಡಿ, 4ಜಿ ಮಾತ್ರ ಕೊಡುವ ಕಂಪನಿಯ ಸಿಮ್ 2ಜಿ ಸ್ಟಾರ್ಟರಿನಲ್ಲಿ ಕೆಲಸ ಮಾಡದು.

ನೀವು ಒತ್ತುವ ರೀತಿಯಲ್ಲೂ ಎರಡು ತಿದ್ದುಪಡಿ. ಆ ಕಡೆಯ ಧ್ವನಿಯೋ ಬೀಪೋ ಪೂರ್ತಿ ಮುಗಿದ ಮೇಲೆ ಒತ್ತಿ. 1ನ್ನು ಮುಟ್ಟಿ ಬಿಡದೆ ಒಂದು ಸೆಕೆಂಡು ಹಿಡಿಯಿರಿ. ಕೆಲಸ ಆಗಲಿಲ್ಲವೆಂದು ಟಕಟಕ ಐದಾರು ಸಲ ಒತ್ತಿದರೆ ಇನ್ನಷ್ಟು ಗೊಂದಲ.

ಇಷ್ಟಾದರೂ ಬಿಟ್ಟು ಬಿಟ್ಟು ಓಡಿದರೆ ಒಬ್ಬರನ್ನು ಸ್ಟಾರ್ಟರಿನ ಹತ್ತಿರ ನಿಲ್ಲಿಸಿ ಕರೆ ಮಾಡಿ. ಒತ್ತಿದಾಗ ಒಳಗೆ ರಿಲೇ (ಕರೆಂಟಿನಿಂದ ತಾನೇ ಆನ್ ಆಗುವ ಸ್ವಿಚ್ಚು) “ಟಕ್” ಎಂದೂ ಮೋಟರ್ ಏಳದಿದ್ದರೆ ಸ್ವರ ತಲುಪಿದೆ, ಸಮಸ್ಯೆ ಕರೆಂಟಿನ ಕಡೆ. ತ್ರೀ ಫೇಸ್ ಬರುವ ಹೊತ್ತು ಮುಗಿದಿದೆಯೋ, ಒಂದು ಫೇಸ್ ಹೋಗಿ ತಡೆ ಸಾಧನ ಮೋಟರನ್ನು ನಿಲ್ಲಿಸಿದೆಯೋ ನೋಡಬೇಕು. ಒಳಗಿರುವುದು 415 ವೋಲ್ಟ್, ಪೆಟ್ಟಿಗೆಯೊಳಕ್ಕೆ ನಿಮ್ಮ ಕೈ ಹೋಗುವುದು ಬೇಡ, ವೈರ್‌ಮನ್ ಕರೆಸಿ. ಟಕ್ ಎನ್ನಲೇ ಇಲ್ಲವೆಂದರೆ ಮತ್ತೆ ಆಂಟೆನಾ, ಸಿಗ್ನಲ್ಲು, ಸಿಮ್ಮು. ಆಂಟೆನಾ ಹೊರಗೆ ಹಾಕಿದ ಮೇಲೆ ಒಂದೆರಡು ದಿನ ಎಷ್ಟು ಸಲ ಒತ್ತಿದಿರಿ, ಎಷ್ಟು ಸಲ ಓಡಿತು ಎಂದು ಬರೆದಿಡಿ. ಪರೀಕ್ಷೆಗೆಂದು ಒಂದೇ ಸಮನೆ ಆನ್ ಆಫ್ ಮಾಡಬೇಡಿ. ಮೋಟರ್ ಏಳುವಾಗ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಎರಡು ಸ್ಟಾರ್ಟಿನ ನಡುವೆ ಹತ್ತು ನಿಮಿಷವಾದರೂ ಬಿಡದಿದ್ದರೆ ವೈಂಡಿಂಗ್ ಕಾದು ಸುಡುತ್ತದೆ.